ಮ್ಯಾಮತ್ ನಮ್ಮ ಆನೆಗೆ ಅಜ್ಜ ಅಲ್ಲ, ದಾಯಾದಿ

ಮೈ ತುಂಬ ಉದ್ದ ಕೂದಲು, ಬಿಲ್ಲಿನ ಹಾಗೆ ಬಾಗಿದ ದಂತ ಇರುವ ಆನೆಯ ಚಿತ್ರವನ್ನು ನೀವು ನೋಡಿರಬಹುದು. ಅದೇ ಮ್ಯಾಮತ್. ಈಗ ಭೂಮಿಯ ಮೇಲೆ ಅದು ಒಂದೂ ಇಲ್ಲ. ಈಗಿನ ಆನೆಗಳಿಗೆಲ್ಲ ಅದೇ ಮುತ್ತಜ್ಜ ಅಂತ ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ.

ಈಗ ಬದುಕಿರುವ ಆನೆಗಳಲ್ಲಿ ಮೂರು ಜಾತಿ. ಎರಡು ಆಫ್ರಿಕದವು, ಒಂದು ಏಷ್ಯಾದ್ದು. ನಮ್ಮ ನಾಗರಹೊಳೆ, ಬಂಡೀಪುರದ ಕಾಡಿನಲ್ಲಿ ಇರುವುದು ಏಷ್ಯಾದ ಆನೆ. ಈಗ ನಾನೊಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಆನೆಗೆ ಹತ್ತಿರದ ನೆಂಟ ಯಾರು, ಆಫ್ರಿಕದ ಆನೆಯೋ ಮ್ಯಾಮತೋ? ನಾನು ಕೇಳಿದವರೆಲ್ಲ ಆಫ್ರಿಕದ ಆನೆ ಅಂದರು. ಎರಡಕ್ಕೂ ಕೂದಲು ಕಡಿಮೆ, ಎರಡೂ ಬಿಸಿಲು ದೇಶದವು, ನೋಡಲಿಕ್ಕೂ ಒಂದೇ ತರಹ. ಆದರೆ ಸರಿಯಾದ ಉತ್ತರ ಮ್ಯಾಮತ್!

ಇದು ಹೇಗೆ ಗೊತ್ತಾಯಿತು? ಎಲ್ಲ ಜೀವಿಗಳ ಜೀವಕೋಶದಲ್ಲಿ ಡಿ.ಎನ್.ಎ. ಎಂಬ ಉದ್ದನೆಯ ಬರಹ ಇದೆ. ಅದರಲ್ಲಿ ಇರುವುದು ನಾಲ್ಕೇ ಅಕ್ಷರ. ತಂದೆ ತಾಯಿಯಿಂದ ಮರಿಗೆ ಇದು ನಕಲಾಗಿ ಬರುತ್ತದೆ. ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಆಮೇಲೆ ಆ ವಂಶದವರಿಗೆಲ್ಲ ಅದೇ ಬದಲಾದ ಅಕ್ಷರ ಬರುತ್ತದೆ. ಒಬ್ಬನ ನೋಟ್ಸ್ ನೋಡಿ ಇನ್ನೊಬ್ಬ ಬರೆದರೆ ಇಬ್ಬರದ್ದೂ ಒಂದೇ ತಪ್ಪು ಇರುತ್ತದಲ್ಲ, ಹಾಗೆ. (ಮೇಷ್ಟ್ರು ನಮ್ಮನ್ನು ಹಿಡಿಯುವುದೂ ಹೀಗೇ!)

ಸೈಬೀರಿಯಾದಲ್ಲಿ ನೆಲ ಒಳಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದರಲ್ಲಿ ಹೂತುಹೋದ ಮ್ಯಾಮತ್‌ಗಳ ಮೂಳೆ, ಚರ್ಮ, ಕೂದಲು ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಉಳಿದಿವೆ. 2006ರಲ್ಲಿ ವಿಜ್ಞಾನಿಗಳು ಡಿ.ಎನ್.ಎ.ಯ ಒಂದು ಚಿಕ್ಕ ಭಾಗವನ್ನು ಮೂಳೆಯಿಂದ ಪೂರ್ತಿ ಓದಿದರು. 2008ರಲ್ಲಿ ಬರೀ ಕೂದಲಿನಿಂದ ಅದರ ಬಹುಪಾಲು ಓದಿದರು. ಹೋಲಿಸಿ ನೋಡಿದಾಗ ಮ್ಯಾಮತ್‌ನ ಅಕ್ಷರಗಳು ಏಷ್ಯಾದ ಆನೆಗೇ ಹೆಚ್ಚು ಹೊಂದುತ್ತಿದ್ದವು.

ಮೂವರಿಗೂ ಮೂಲದ ಅಜ್ಜ ಒಬ್ಬನೇ, ಅವನಿದ್ದದ್ದು ಆಫ್ರಿಕದಲ್ಲಿ. ಸುಮಾರು 60-70 ಲಕ್ಷ ವರ್ಷದ ಹಿಂದೆ ಆಫ್ರಿಕದ ಆನೆಯ ಕವಲು ಮೊದಲು ಬೇರೆಯಾಯಿತು. ಅದಾಗಿ ಕೆಲವು ಲಕ್ಷ ವರ್ಷಕ್ಕೆ ಮ್ಯಾಮತ್ ಮತ್ತು ನಮ್ಮ ಆನೆ ಪಾಲಾದವು. ಆ ಉದ್ದ ಕೂದಲು, ಚಿಕ್ಕ ಕಿವಿ ಎಲ್ಲ ಮ್ಯಾಮತ್‌ಗೆ ಉತ್ತರದ ಚಳಿಗೆ ಹೋದ ಮೇಲೆ ಬಂದವು.

ಕೊನೆಯ ಮ್ಯಾಮತ್‌ಗಳು ರಷ್ಯಾದ ಉತ್ತರಕ್ಕಿರುವ ರಾಂಗೆಲ್ ಎಂಬ ದ್ವೀಪದಲ್ಲಿದ್ದವು. ಸುಮಾರು 4000 ವರ್ಷದ ಹಿಂದೆ ಅವೂ ಸತ್ತವು. ಈಜಿಪ್ಟಿನ ದೊಡ್ಡ ಪಿರಮಿಡ್ ಕಟ್ಟಿ ಮುಗಿದಾಗ ಇನ್ನೂ ಬದುಕಿದ್ದವು ಅಂದರೆ ನೋಡಿ! ಅವು ಹೋದ ಮೇಲೆ ಆ ಕವಲಿನಲ್ಲಿ ಉಳಿದಿರುವುದು ನಮ್ಮ ಏಷ್ಯಾದ ಆನೆ ಒಂದೇ.