ವೈಹಾಳಿ: ಕಟ್ಟಿಹಾಕಿದ ಕುದುರೆಯ ಭೌತಶಾಸ್ತ್ರ

ರಬಕವಿ-ಬನಹಟ್ಟಿಯ ನೇಕಾರನು ಪರಸ್ಥಳಕ್ಕೆ ಹೋಗಬೇಕಾದರೆ ವಿದ್ಯುತ್ ಮಗ್ಗವನ್ನು ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ ಹೊರಡುತ್ತಾನೆ. ತಿಂಗಳ ಮೇಲೆ ಮರಳಿ ಬಂದಾಗ ಮಗ್ಗದ ಮೇಲೆ ಧೂಳು ಕುಳಿತಿರಬಹುದು. ಒರೆಸಿ ಎಣ್ಣೆ ಬಿಟ್ಟರೆ ಅದು ಮೊದಲಿನಂತೆಯೇ ನಡೆಯುತ್ತದೆ. ಕುದುರೆಯನ್ನು ಹೀಗೆ ನಿಲ್ಲಿಸಿ ಹೋಗಲು ಬರುವುದಿಲ್ಲ. ಅದರ ದೇಹದಲ್ಲಿ ಕೆಲವು ಯಂತ್ರಗಳು ನಡಿಗೆಯಿಂದಲೇ ನಡೆಯತಕ್ಕವು. ನಡಿಗೆ ನಿಂತರೆ ಅವೂ ನಿಲ್ಲುತ್ತವೆ. ಆ ಯಂತ್ರಗಳು ಯಾವುವು, ಒಡೆಯನಿಲ್ಲದಾಗ ಅವನ್ನು ನಡೆಸುವ ಬಗೆ ಹೇಗೆ ಎಂಬುದೇ ಈ ಲೇಖನದ ವಿಷಯ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದಕ್ಕೆ ಬಹುಮಟ್ಟಿಗೆ ಸಾಕು.

ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯಲ್ಲಿ ಕುದುರೆಗಳು ಹಿಂದಿನಷ್ಟಿಲ್ಲ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅರಮನೆಯ ಲಾಯಗಳ ಕಾಲ ಅಲ್ಲಿಗೆ ಮುಗಿಯಿತು. ಟಾಂಗಾ ನಿಲ್ಲುತ್ತಿದ್ದ ಸ್ಥಳದಲ್ಲಿ ಈಗ ಆಟೋರಿಕ್ಷಾ ನಿಂತಿದೆ. ಆದರೂ ಜಾತ್ರೆಯ ಗಾಡಿ ಶರ್ಯತ್ತಿಗೆಂದು, ಮದುವೆಯ ಮೆರವಣಿಗೆಗೆಂದು, ಇಲ್ಲವೆ ಬರಿಯ ಹವ್ಯಾಸಕ್ಕೆಂದು ಕುದುರೆ ಸಾಕುವವರು ಇದ್ದಾರೆ. ಇವರಲ್ಲಿ ಬಹುಮಂದಿಗೆ ಬೇರೆಯೇ ಉದ್ಯೋಗವಿರುತ್ತದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಯಿತೆಂದರೆ ಕಬ್ಬು ಕಡಿಸುವುದು, ಸಾಗಿಸುವುದು ಎಂದು ಹಗಲಿರುಳು ಹೊಲದಲ್ಲೋ ರಸ್ತೆಯಲ್ಲೋ ಕಳೆಯಬೇಕು. ಕುದುರೆ ಗೂಟದಲ್ಲಿ ಉಳಿಯುತ್ತದೆ. ಮನೆಯವರು ಮೇವು ನೀರಿಗೆ ಕೊರತೆ ಮಾಡುವುದಿಲ್ಲ; ಕೊರತೆ ಬೀಳುವುದು ನಡಿಗೆಗೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಕುದುರೆಯನ್ನು ಹೊರಗೆ ತಂದು ಅಡ್ಡಾಡಿಸಿ ಪಳಗಿಸುವುದಕ್ಕೆ ಹಳೆಯ ಕನ್ನಡದಲ್ಲಿ ‘ವೈಹಾಳಿ’ ಎಂಬ ಪ್ರತ್ಯೇಕ ಶಬ್ದವೇ ಇದೆ. ಸಂಸ್ಕೃತದ ‘ವಾಹ್ಯಾಲೀ’ ಎಂಬುದರ ರೂಪವದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಕುದುರೆಯ ವಾಹ್ಯಾಲಿಗೂ ಸ್ಥಾನವಿದೆ. ಇಂಥ ಒಳ್ಳೆಯ ಶಬ್ದ ಬಳಕೆ ತಪ್ಪಿಹೋದುದು ವಿಷಾದದ ಸಂಗತಿ.

ಮೊದಲು ಕಾಲನ್ನು ನೋಡೋಣ. ಕುದುರೆಯ ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೆಂಬುದು ಇಲ್ಲವೆಂದೇ ಹೇಳಬಹುದು. ಅಲ್ಲಿರುವುದು ಮೂಳೆ, ಸ್ನಾಯುರಜ್ಜು, ಚರ್ಮ. ಇದರಿಂದ ಕಾಲಿನ ತುದಿ ಹಗುರವಾಗಿ ಓಟಕ್ಕೆ ಅನುಕೂಲವಾಯಿತು, ನಿಜ. ಆದರೆ ಒಂದು ತೊಡಕೂ ಉಂಟಾಯಿತು. ಮನುಷ್ಯನ ಮೀನಖಂಡದ ಸ್ನಾಯುಗಳು ಸಂಕುಚಿಸಿದಾಗಲೆಲ್ಲ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಕುದುರೆಗೆ ಆ ಅನುಕೂಲವಿಲ್ಲ. ಅದರ ಹೃದಯ ನೆಲದಿಂದ 1.1 ಮೀಟರ್ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳೋಣ. ರಕ್ತದ ಸಾಂದ್ರತೆ ಘನಮೀಟರಿಗೆ 1,060 ಕಿಲೋಗ್ರಾಂ. ಅಷ್ಟು ಎತ್ತರದ ರಕ್ತಸ್ತಂಭದ ಒತ್ತಡ 1,060 × 9.8 × 1.1, ಎಂದರೆ ಸುಮಾರು 11,400 ಪಾಸ್ಕಲ್. ಪಾದರಸದ ಅಳತೆಯಲ್ಲಿ ಸುಮಾರು 86 ಮಿಲಿಮೀಟರ್. ನಿಶ್ಚಲವಾಗಿ ನಿಂತ ಕುದುರೆಯ ಗೊರಸಿನ ಅಭಿಧಮನಿಗಳ ಮೇಲೆ ಈ ಹೊರೆ ಎಡೆಬಿಡದೆ ಇರುತ್ತದೆ.

ಪ್ರಕೃತಿ ಇದಕ್ಕೆ ಉಪಾಯವನ್ನು ಗೊರಸಿನಲ್ಲಿಯೇ ಇರಿಸಿದೆ. ಗೊರಸನ್ನು ಎತ್ತಿ ತಳವನ್ನು ನೋಡಿದರೆ ನಡುವೆ ರಬ್ಬರಿನಂಥ ತ್ರಿಕೋನಾಕಾರದ ಭಾಗ ಕಾಣುತ್ತದೆ. ಅದರ ಮೇಲೆ, ಹಿಮ್ಮಡಿಯ ಕಡೆಗೆ, ಮೆತ್ತೆಯಂಥ ಭಾಗವೂ ಇಕ್ಕೆಲಗಳಲ್ಲಿ ಮೃದ್ವಸ್ಥಿಯ ಹಲಗೆಗಳೂ ಅಭಿಧಮನಿಗಳ ದಟ್ಟವಾದ ಜಾಲವೂ ಇವೆ. ಕಾಲು ಊರಿದಾಗ ದೇಹದ ಭಾರಕ್ಕೆ ಹಿಮ್ಮಡಿಯ ಭಾಗ ತುಸು ಅಗಲವಾಗುತ್ತದೆ, ಜಾಲದ ರಕ್ತ ಮೇಲಕ್ಕೆ ಹೊರಡುತ್ತದೆ. ಕಾಲು ಎತ್ತಿದಾಗ ಹೊಸ ರಕ್ತ ತುಂಬಿಕೊಳ್ಳುತ್ತದೆ. ಮೇಲೆ ಹೋದುದು ಕೆಳಗಿಳಿಯದಂತೆ ಕಾಲಿನ ಅಭಿಧಮನಿಗಳಲ್ಲಿ ಕವಾಟಗಳಿವೆ. ಬಾವಿಯ ಕೈಪಂಪನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಾವಕಾಶವಾಗಿ ನಡೆಯುವ ಕುದುರೆ ಒಂದೊಂದು ಕಾಲನ್ನೂ ನಿಮಿಷಕ್ಕೆ ಸುಮಾರು 50 ಸಲ ಊರುತ್ತದೆ. ಅರ್ಧ ಗಂಟೆಯ ನಡಿಗೆಯೆಂದರೆ ಪ್ರತಿಯೊಂದು ಪಂಪಿಗೂ 1,500 ಹೊಡೆತಗಳಾದುವು. ಗೂಟದಲ್ಲಿ ನಿಂತ ಕುದುರೆ ಆಗಾಗ ಕಾಲು ಬದಲಿಸುತ್ತದೆ, ಅಷ್ಟೆ.

ಕಟ್ಟಿಹಾಕಿದ ಕುದುರೆಯ ಕಾಲು ಮುಂಜಾನೆ ಬಾತಿರುವುದಕ್ಕೆ ಕಾರಣವಿದೇ. ಒತ್ತಡದಿಂದ ರಕ್ತದ ನೀರಿನಂಶ ಸೂಕ್ಷ್ಮನಾಳಗಳಿಂದ ಹೊರಗೆ ಜಿನುಗಿ ಚರ್ಮದ ಕೆಳಗೆ ನಿಲ್ಲುತ್ತದೆ. ಈ ಬಾವು ಸಾಮಾನ್ಯವಾಗಿ ಹಿಂಗಾಲುಗಳೆರಡರಲ್ಲಿ, ಕೆಲವೊಮ್ಮೆ ನಾಲ್ಕು ಕಾಲುಗಳಲ್ಲಿ ಸಮನಾಗಿ ಕಾಣುತ್ತದೆ. ಮುಟ್ಟಿದರೆ ಬಿಸಿಯಿರುವುದಿಲ್ಲ, ನೋವಿರುವುದಿಲ್ಲ. ಸ್ವಲ್ಪ ಹೊತ್ತು ನಡೆಸಿದರೆ ಇಳಿಯುತ್ತದೆ. ಒಂದೇ ಕಾಲು ಬಾತು, ಬಿಸಿಯಾಗಿ, ಕುದುರೆ ಕುಂಟುತ್ತಿದ್ದರೆ ಅದು ಪೆಟ್ಟು ಅಥವಾ ಸೋಂಕು. ಅದಕ್ಕೆ ನಡಿಗೆ ಮದ್ದಲ್ಲ, ಪಶುವೈದ್ಯರನ್ನು ಕರೆಯಬೇಕು. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಹಡಗೇರಿ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಅದೂ ಒಂದು. ಆ ಕಾಲದ ಹಡಗುಪಯಣಗಳಲ್ಲಿ ಕುದುರೆಗಳು ಇಕ್ಕಟ್ಟಾದ ಕಟ್ಟೆಗಳಲ್ಲಿ ದಿನಗಟ್ಟಲೆ ನಿಂತೇ ಇರಬೇಕಾಗುತ್ತಿತ್ತು. ಕಾಲುಗಳನ್ನು ಕೈಯಿಂದ ಮೇಲ್ಮುಖವಾಗಿ ತಿಕ್ಕುವುದು, ದಡಕ್ಕೆ ಇಳಿದ ಮೇಲೆ ಕೆಲವು ದಿನ ಸವಾರಿ ಮಾಡದೆ ನಡೆಸುವುದು ಅಶ್ವದಳಗಳ ರೂಢಿಯಾಗಿದ್ದಿತು. ತಿಕ್ಕುವ ಕೈ ಅಲ್ಲಿ ಗೊರಸಿನ ಪಂಪಿಗೆ ಬದಲಿಯಾಗಿತ್ತು ಎನ್ನಬಹುದು.

ನಿಂತು ನಿದ್ರಿಸುವ ಪ್ರಾಣಿಗೆ ನಿಲ್ಲುವುದರಿಂದ ಏನು ತೊಂದರೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕುದುರೆಯ ಕೀಲುಗಳಿಗೆ ಒಂದು ಬಗೆಯ ಅಗುಳಿ ಇದೆ. ರಜ್ಜುಗಳು ಕೀಲನ್ನು ಬಿಗಿಹಿಡಿದು ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲದೆ ದೇಹವನ್ನು ನಿಲ್ಲಿಸುತ್ತವೆ. ಇದರಿಂದ ಉಳಿತಾಯವಾಗುವುದು ಸ್ನಾಯುವಿನ ಶಕ್ತಿ ಮಾತ್ರ. ರಕ್ತದ ತೊಡಕು ಹಾಗೆಯೇ ಉಳಿಯುತ್ತದೆ.

ಎರಡನೆಯ ವಿಷಯ ಹೆಚ್ಚು ಗಂಭೀರವಾದುದು. ಅದು ಶಕ್ತಿಯ ಆಯವ್ಯಯ. ಅಶ್ವಸಾಮರ್ಥ್ಯವೆಂಬ ಮಾನವನ್ನು ಜೇಮ್ಸ್ ವಾಟನು ನಿಮಿಷಕ್ಕೆ 33,000 ಅಡಿ-ಪೌಂಡುಗಳೆಂದು ನಿಗದಿಪಡಿಸಿದನು; ಎಂದರೆ 746 ವಾಟ್. ಕುದುರೆ ಒಂದು ಗಂಟೆ ಇದೇ ಸಾಮರ್ಥ್ಯದಿಂದ ಎಳೆದರೆ ಆಗುವ ಕಾರ್ಯ 746 × 3,600, ಸುಮಾರು 27 ಲಕ್ಷ ಜೂಲ್. ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ಕಾರ್ಯವಾಗಿ ಕೊಡುತ್ತವೆ, ಉಳಿದುದು ಶಾಖ. ಆದುದರಿಂದ ಆ ಒಂದು ಗಂಟೆಗೆ ಬೇಕಾದ ಶಕ್ತಿ 120 ಲಕ್ಷ ಜೂಲ್‌ಗಳಿಗೂ ಮೇಲು. ಒಂದು ಕಿಲೋಗ್ರಾಂ ಕಾಳಿನಿಂದ ಕುದುರೆಗೆ ದಕ್ಕುವ ಶಕ್ತಿಯೂ ಹೆಚ್ಚುಕಡಮೆ ಅಷ್ಟೆ, ಸುಮಾರು 130 ಲಕ್ಷ ಜೂಲ್. ಒಂದು ಗಂಟೆಯ ಗಟ್ಟಿ ದುಡಿಮೆಗೆ ಒಂದು ಕಿಲೋ ಕಾಳು: ನೆನಪಿಡಲು ಸುಲಭವಾದ ಲೆಕ್ಕ.

ಈಗ ಒಡೆಯನು ಊರಿನಲ್ಲಿಲ್ಲ, ಕುದುರೆಗೆ ದುಡಿಮೆಯಿಲ್ಲ, ಆದರೆ ಮನೆಯವರು ಪ್ರೀತಿಯಿಂದ ದಿನವೂ ಬೇಯಿಸಿದ ಹುರುಳಿಯನ್ನು ಮೊದಲಿನಷ್ಟೇ ಇಡುತ್ತಿದ್ದಾರೆ ಎಂದುಕೊಳ್ಳಿ. ಮಿಕ್ಕ ಶಕ್ತಿ ಕೊಬ್ಬಾಗಿಯೂ ಸ್ನಾಯುಗಳಲ್ಲಿ ಗ್ಲೈಕೊಜೆನ್ ಆಗಿಯೂ ಸೇರುತ್ತದೆ. ಒಡೆಯನು ಮರಳಿದ ಮುಂಜಾನೆಯೇ ಗಾಡಿ ಹೂಡಿ ಓಡಿಸುತ್ತಾನೆ. ಕೆಲವು ನಿಮಿಷಗಳಲ್ಲಿ ಕುದುರೆ ಬೆವರಿ, ಹಿಂಗಾಲು ಸೆಟೆದು, ಹೆಜ್ಜೆಯಿಡಲಾರದೆ ನಿಲ್ಲುತ್ತದೆ. ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಸ್ನಾಯುಕೋಶಗಳು ಒಡೆದು ಅವುಗಳ ಕೆಂಪು ವಸ್ತುವಾದ ಮಯೊಗ್ಲೋಬಿನ್ ರಕ್ತಕ್ಕೆ ಸೇರಿರುವುದರ ಗುರುತು ಅದು. ಮೂತ್ರಪಿಂಡಗಳಿಗೆ ಅದು ವಿಷವಾಗುತ್ತದೆ. ಯೂರೋಪಿನಲ್ಲಿ ಭಾನುವಾರ ಪೂರ್ತಿ ಕಾಳು ತಿಂದು ವಿಶ್ರಮಿಸಿದ ಗಾಡಿ ಕುದುರೆಗಳಿಗೆ ಮರುದಿನ ಬರುತ್ತಿದ್ದುದರಿಂದ ಇದಕ್ಕೆ ‘ಸೋಮವಾರದ ಬೇನೆ’ ಎಂಬ ಹೆಸರು ಬಿದ್ದಿತ್ತು. ಲ್ಯಾಕ್ಟಿಕ್ ಆಮ್ಲವೇ ಇದಕ್ಕೆ ಕಾರಣವೆಂಬ ಹಳೆಯ ವಿವರಣೆಯನ್ನು ಇಂದು ಒಪ್ಪುವುದಿಲ್ಲ. ಕೆಲವು ಕುದುರೆಗಳಲ್ಲಿ ಗ್ಲೈಕೊಜೆನ್ ಶೇಖರಣೆಯ ಕ್ರಮವೇ ಹುಟ್ಟಿನಿಂದ ದೋಷಯುಕ್ತವೆಂದು ತಿಳಿದುಬಂದಿದೆ. ಕಾರಣವೇನೇ ಇರಲಿ, ಸೆಟೆದು ನಿಂತ ಕುದುರೆಯನ್ನು ಹೊಡೆದು ನಡೆಸಬಾರದು. ನಿಂತಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಸಬೇಕು. ಕಾಲಿನ ಬಾವಿಗೆ ನಡಿಗೆ ಹಿತ, ಈ ಬೇನೆಗೆ ನಡಿಗೆ ಮಾರಕ. ಎರಡನ್ನೂ ಒಂದೆಂದು ಬಗೆದರೆ ಕುದುರೆಯ ಪ್ರಾಣಕ್ಕೇ ಬರುತ್ತದೆ.

ಆದುದರಿಂದ ಒಡೆಯನು ಹೊರಡುವ ದಿನದಿಂದಲೇ ಕಾಳನ್ನು ಇಳಿಸಬೇಕು; ಹುಲ್ಲು, ಜೋಳದ ಕಣಿಕೆಗಳೇ ಮುಖ್ಯ ಆಹಾರವಾಗಬೇಕು. ನಾರಿನ ಮೇವು ಕರುಳಿಗೂ ಕೆಲಸ ಕೊಡುತ್ತದೆ. ನಿಂತೇ ಇರುವ ಕುದುರೆಯ ಕರುಳಿನ ಚಲನೆ ಮಂದವಾಗಿ ಮೇವು ಕಟ್ಟಿಕೊಂಡು ಹೊಟ್ಟೆಶೂಲೆ ಬರುವುದುಂಟು. ನೀರು ಕಡಮೆಯಾದರೆ ಆ ಭಯ ಇನ್ನೂ ಹೆಚ್ಚು.

ಇನ್ನು ನಡಿಗೆ. ಎಲ್ಲಕ್ಕಿಂತ ಒಳ್ಳೆಯದು ಬೇಲಿಯಿರುವ ಹೊಲದಲ್ಲಿ, ಸಾಧ್ಯವಾದರೆ ಮತ್ತೊಂದು ಕುದುರೆಯ ಜೊತೆಗೆ, ಕಟ್ಟದೆ ಬಿಡುವುದು. ಬಯಲಿನ ಕುದುರೆ ಮೇಯುತ್ತ ದಿನದ ಬಹುಭಾಗ ಹೆಜ್ಜೆ ಹಾಕುತ್ತಲೇ ಇರುತ್ತದೆ. ಮುಂಗಾಲು ಹಿಂಗಾಲುಗಳನ್ನು ಹಗ್ಗದಿಂದ ಗೂಟಕ್ಕೆ ಬಿಗಿಯುವ ನಮ್ಮ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದು ಆ ಪಂಪಿನ ಹಿಡಿಯನ್ನೇ ಕಟ್ಟಿಹಾಕಿದಂತೆ. ಹೊಲವಿಲ್ಲದವರು ನಂಬಿಕೆಯ ಒಬ್ಬರಿಗೆ ಒಪ್ಪಿಸಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ನಡೆಸುವಂತೆ ಏರ್ಪಾಡು ಮಾಡಬೇಕು. ಇದಕ್ಕೆ ಸವಾರಿ ಬರಬೇಕಾದುದಿಲ್ಲ. ಜಮಖಂಡಿಯ ರಾಮತೀರ್ಥದ ಗುಡ್ಡದಂಥ ಏರು ಸಮೀಪದಲ್ಲಿದ್ದರೆ ಮತ್ತೂ ಅನುಕೂಲ. 350 ಕಿಲೋಗ್ರಾಂ ತೂಕದ ಕುದುರೆ 10 ನಿಮಿಷಗಳಲ್ಲಿ 50 ಮೀಟರ್ ಎತ್ತರ ಏರಿದರೆ ಆಗುವ ಕಾರ್ಯ 350 × 9.8 × 50, ಎಂದರೆ 1,71,500 ಜೂಲ್. ಸಾಮರ್ಥ್ಯ ಸುಮಾರು 286 ವಾಟ್, ಅಶ್ವಸಾಮರ್ಥ್ಯದ ಐದರಲ್ಲಿ ಎರಡು ಪಾಲಿನ ಹತ್ತಿರ. ಓಟದ ಪೆಟ್ಟು ಗೊರಸಿಗೆ ತಾಗದೆ ಸ್ನಾಯುಗಳಿಗೆ ಇಷ್ಟು ಕೆಲಸ ಸಿಕ್ಕಿತು.

ಉದ್ದನೆಯ ಹಗ್ಗ ಹಿಡಿದು ನಡುವೆ ನಿಂತು ಕುದುರೆಯನ್ನು ಸುತ್ತು ಓಡಿಸುವ ಕ್ರಮವೂ ಇದೆ. ನಡೆಸುವವರಿಗೆ ಇದು ಸುಲಭ. ಆದರೆ ಕುದುರೆಗೆ ಸುಲಭವೋ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ವೃತ್ತದ ತ್ರಿಜ್ಯ 7 ಮೀಟರ್ ಇರಲಿ. ಸೆಕೆಂಡಿಗೆ 1.6 ಮೀಟರ್ ವೇಗದ ನಡಿಗೆಯಲ್ಲಿ ಕೇಂದ್ರಾಭಿಮುಖ ವೇಗೋತ್ಕರ್ಷ 0.37, ಕುದುರೆ ಒಳಕ್ಕೆ ಬಾಗಬೇಕಾದುದು 2 ಡಿಗ್ರಿ ಮಾತ್ರ. 3.5 ಮೀಟರ್ ವೇಗದ ದುಡುಕಿಯಲ್ಲಿ ಅದು 1.75ಕ್ಕೆ ಏರಿ ಬಾಗು 10 ಡಿಗ್ರಿಯಾಗುತ್ತದೆ. ನಮ್ಮ 350 ಕಿಲೋಗ್ರಾಂ ಕುದುರೆಯ ಕಾಲುಗಳು ಸುಮಾರು 610 ನ್ಯೂಟನ್ ಪಾರ್ಶ್ವಬಲವನ್ನು ಹೊರಬೇಕು. ಹಗ್ಗವನ್ನು ಅರ್ಧ ಮಾಡಿದರೆ ಈ ಬಲ ಇಮ್ಮಡಿಯಾಗುತ್ತದೆ. ಮುಂದೆ ಹಿಂದೆ ಮಡಿಯುವುದಕ್ಕೆಂದೇ ರೂಪುಗೊಂಡ ಕೀಲುಗಳಿಗೆ ಈ ಅಡ್ಡಬಲ ಹಿತವಲ್ಲ. ಹಗ್ಗ ಉದ್ದವಿರಲಿ, ಬಹುಪಾಲು ನಡಿಗೆಯೇ ಇರಲಿ, ಕೆಲವು ಸುತ್ತುಗಳಿಗೊಮ್ಮೆ ದಿಕ್ಕು ಬದಲಿಸಲಿ. ಹತ್ತು ಹದಿನೈದು ನಿಮಿಷ ಸಾಕು.

ಬೇಸಗೆಯಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮೇಲೆ ಹೇಳಿದ ಒಂದು ಗಂಟೆಯ ದುಡಿಮೆಯಲ್ಲಿ ಹುಟ್ಟುವ ಶಾಖ 90 ಲಕ್ಷ ಜೂಲ್‌ಗಳಿಗೂ ಹೆಚ್ಚು. ಒಂದು ಲೀಟರ್ ಬೆವರು ಆವಿಯಾಗುವಾಗ ಒಯ್ಯುವುದು ಸುಮಾರು 24 ಲಕ್ಷ ಜೂಲ್. ಎಲ್ಲವೂ ಬೆವರಿನಿಂದಲೇ ಹೋಗಬೇಕಾದರೆ ನಾಲ್ಕು ಲೀಟರ್ ಬೇಕು. ಕುದುರೆಯ ಬೆವರಿನಲ್ಲಿ ಉಪ್ಪೂ ಬಹಳ. ಆದುದರಿಂದ ಸೂರ್ಯೋದಯದ ಹೊತ್ತಿಗೇ ನಡೆಸಿ ಮುಗಿಸಬೇಕು. ನೀರಿನ ಬಳಿ ಉಪ್ಪಿನ ಹರಳೊಂದು ಇರಬೇಕು.

ಒಡೆಯನು ಮರಳಿದ ಮೇಲೆ ಅವಸರ ಸಲ್ಲದು. ಮೂಳೆಯೂ ಸ್ನಾಯುರಜ್ಜುವೂ ಹೊರೆಗೆ ತಕ್ಕಂತೆ ಗಟ್ಟಿಯಾಗುತ್ತವೆ, ಹೊರೆಯಿಲ್ಲದಿದ್ದರೆ ಸಡಿಲುತ್ತವೆ. ಕುದುರೆಯ ಉಸಿರಾಟ ಮತ್ತು ಸ್ನಾಯು ಕೆಲವೇ ವಾರಗಳಲ್ಲಿ ಮೊದಲಿನ ಸ್ಥಿತಿಗೆ ಬರುವುದರಿಂದ ಅದು ಸಿದ್ಧವಾಗಿದೆಯೆಂದು ತೋರುತ್ತದೆ. ರಜ್ಜುಗಳಿಗೆ ತಿಂಗಳುಗಳೇ ಬೇಕು. ತಿಂಗಳುಗಟ್ಟಲೆ ನಿಂತ ಕುದುರೆಗೆ ಮೊದಲ ಎರಡು ವಾರ ಬರಿಯ ನಡಿಗೆ, ಆಮೇಲೆ ದಿನಕ್ಕೆ ಐದು ನಿಮಿಷ ದುಡುಕಿ, ಅದನ್ನು ವಾರವಾರಕ್ಕೆ ತುಸು ಹೆಚ್ಚಿಸುತ್ತ ಹೋಗಬೇಕು. ಕಾಳನ್ನು ಕೆಲಸದ ಹಿಂದೆ ಏರಿಸಬೇಕೇ ಹೊರತು ಮುಂದೆ ಅಲ್ಲ. ಶರ್ಯತ್ತಿನ ದಿನ ಗೊತ್ತಿದ್ದರೆ ಅಲ್ಲಿಂದ ಹಿಂದಕ್ಕೆ ವಾರಗಳನ್ನು ಎಣಿಸಿ, ಸಾಲದೆ ಬಂದರೆ ಆ ವರ್ಷದ ಶರ್ಯತ್ತನ್ನು ಬಿಡುವುದೇ ಲೇಸು.