ಮಹಾಂತ ಜೋಳಿಗೆ

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಜೋಳಿಗೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಹೆಗಲಿಗೆ ಜೋಳಿಗೆ ಹಾಕಿಕೊಂಡ ಸ್ವಾಮಿಗಳು ಮನೆಯ ಮುಂದೆ ಬಂದು ನಿಲ್ಲುವರು. ಒಳಗಿನಿಂದ ಬಂದ ತಾಯಿ ಮೊರದಲ್ಲಿ ಜೋಳವನ್ನು ತಂದು ಸುರಿಯುವಳು. ಉಳ್ಳವರು ಹೆಚ್ಚಾಗಿ ನೀಡುವರು, ಇಲ್ಲದವರು ಹಿಡಿಯಷ್ಟು ನೀಡುವರು. ಆದರೆ 1975ರಲ್ಲಿ ಇಳಕಲ್ಲಿನಿಂದ ಹೊರಟ ಒಂದು ಜೋಳಿಗೆ ಕಾಳನ್ನು ಬೇಡಲಿಲ್ಲ, ಹಣವನ್ನೂ ಬೇಡಲಿಲ್ಲ. ಮನೆಯೊಳಗಿದ್ದು ಮನೆಯನ್ನೇ ತಿನ್ನುತ್ತಿದ್ದ ಕುಡಿತವನ್ನು ಬೇಡಿತು.

ಸೀರೆಗೆ ಹೆಸರಾದ ಇಳಕಲ್ಲು ಬಾಗಲಕೋಟೆ ಜಿಲ್ಲೆಯ ಊರು. ಗದಗ ಜಿಲ್ಲೆಯ ಗಜೇಂದ್ರಗಡಕ್ಕೆ ಬಹಳ ದೂರವೇನಲ್ಲ. ಅಲ್ಲಿಯ ಚಿತ್ತರಗಿ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು ಈ ಜೋಳಿಗೆಯನ್ನು ಹಿಡಿದು ಊರೂರು ತಿರುಗಿದರು. ದೊಡ್ಡವರ ಓಣಿಗೆ ಹೋದಂತೆ ದಲಿತರ ಕೇರಿಗೂ ಹೋದರು. ಮನೆಯ ಮುಂದೆ ನಿಂತು, ನಿಮ್ಮಲ್ಲಿರುವ ಚಟವನ್ನು ಇದರೊಳಗೆ ಹಾಕಿಬಿಡಿ ಎಂದು ಕೇಳುತ್ತಿದ್ದರು. ಬೀಡಿ, ತಂಬಾಕು, ಕುಡಿತ ಯಾವುದಾದರೂ ಆಗಬಹುದು. ಕೇಳಿಸಿಕೊಂಡವನು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡಬೇಕು, ಅದೇ ಭಿಕ್ಷೆ. ಜನರು ಇದನ್ನು ‘ಮಹಾಂತ ಜೋಳಿಗೆ’ ಎಂದು ಕರೆದರು.

ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಕುಡುಕನನ್ನು ಬೈಯುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಬೈಗುಳ ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿರುತ್ತದೆ. ಅಂಥವನ ಬಾಗಿಲಿಗೆ ಒಬ್ಬ ಹಿರಿಯರು ಬೇಡಲು ಬಂದಾಗ ಅವನು ಅಪರಾಧಿಯಾಗಿ ಉಳಿಯುವುದಿಲ್ಲ, ದಾನಿಯಾಗುತ್ತಾನೆ. ಕೊಟ್ಟ ಮಾತಿಗೆ ಹೆಂಡತಿ ಮಕ್ಕಳೇ ಸಾಕ್ಷಿ. ಮಾತು ಕೊಟ್ಟವರೆಲ್ಲರೂ ಅದನ್ನು ಉಳಿಸಿಕೊಂಡರೆಂದು ಹೇಳುವಂತಿಲ್ಲ. ಚಟವೆಂಬುದು ಅಷ್ಟು ಸುಲಭವಾಗಿ ಬಿಡುವ ವಸ್ತುವಲ್ಲ. ಆದರೆ ತಂದೆಯಾದವನು ತನ್ನ ತಪ್ಪನ್ನು ಮಕ್ಕಳ ಎದುರಿನಲ್ಲಿಯೇ ಕೈಬಿಡುವುದು ಸಾಮಾನ್ಯ ಸಂಗತಿಯೇ? ಹುಡುಗರು ಕುಡಿತವನ್ನು ಕಲಿಯುವ ಬಗೆಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯನ್ನೇ ನೋಡೋಣ. ಕಪ್ಪತಗುಡ್ಡದ ಸುತ್ತ ಹರಡಿದ ಈ ನೆಲ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ಮಳೆ ಕೈಕೊಟ್ಟ ವರ್ಷ ಅನೇಕ ಕುಟುಂಬಗಳು ದುಡಿಮೆಗಾಗಿ ದೂರದ ಊರುಗಳಿಗೆ ಗುಳೆ ಹೋಗುತ್ತವೆ; ಮಕ್ಕಳು ಮುದುಕರ ಬಳಿ ಉಳಿಯುತ್ತಾರೆ. ಇಂಥಲ್ಲಿ, ನಾಡಿನ ಬೇರೆ ಹಳ್ಳಿಗಳಲ್ಲಿರುವಂತೆಯೇ, ಕುಡಿತ ಹುಡುಗನ ಬಳಿಗೆ ಬರುವುದು ಅಂಗಡಿಯಿಂದಲ್ಲ, ಮನೆಯ ಕಟ್ಟೆಯಿಂದ. “ತಮ್ಮಾ, ಓಡಿ ಹೋಗಿ ಒಂದ್ ಪಾಕೀಟು ತೊಗೊಂಡ್ ಬಾ” ಎಂದು ದೊಡ್ಡವರು ಅವನ ಕೈಯಲ್ಲಿ ರೊಕ್ಕ ಇಡುತ್ತಾರೆ. ಮೊದಲು ಅವನು ತರುತ್ತಾನೆ. ಆಮೇಲೆ ಮದುವೆಯಲ್ಲಿಯೋ ಜಾತ್ರೆಯಲ್ಲಿಯೋ ಗೆಳೆಯರ ಒತ್ತಾಯಕ್ಕೆ ರುಚಿ ನೋಡುತ್ತಾನೆ. ಯೋಚಿಸಿ ನಿರ್ಧರಿಸುವ ಶಕ್ತಿಯುಳ್ಳ ಮಿದುಳಿನ ಭಾಗ ಇಪ್ಪತ್ತು ದಾಟಿದ ಮೇಲೆಯೂ ಬಲಿಯುತ್ತಿರುತ್ತದೆ. ಆ ಎಳೆತನದಲ್ಲಿ ಕುಡಿಯತೊಡಗಿದವರು ಮುಂದೆ ಚಟಕ್ಕೆ ದಾಸರಾಗುವ ಸಂಭವ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ.

ಇದಕ್ಕೆ ಕಾಯಿದೆಯ ತಡೆ ಇಲ್ಲವೆಂದಲ್ಲ. ಈ ಸೀಮೆ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಮದ್ಯನಿಷೇಧ ಕಾಯಿದೆ ಜಾರಿಯಲ್ಲಿತ್ತು. ಅಂಗಡಿಯ ಕದ ಮುಚ್ಚಿದಾಗ ಹಿತ್ತಲ ಬಾಗಿಲಲ್ಲಿ ಕಳ್ಳಬಟ್ಟಿ ಬಂದಿತು. ಕರ್ನಾಟಕ ಸರಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅದರ ಜಾಗದಲ್ಲಿ ಅಗ್ಗದ ಮದ್ಯದ ಸಣ್ಣ ಪೊಟ್ಟಣಗಳು ಕಿರಾಣಿ ಅಂಗಡಿಗಳಿಗೂ ಅಕ್ರಮವಾಗಿ ನುಸುಳಿದವು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ನಡೆದು ಹೋದಾಗ, ಅವರ ದೂರುಗಳಲ್ಲಿ ಇದೂ ಒಂದಾಗಿತ್ತು. ನಮ್ಮ ರಾಜ್ಯದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಈ ಮಿತಿಯನ್ನು 18ಕ್ಕೆ ಇಳಿಸುವ ಕರಡು 2023ರಲ್ಲಿ ಹೊರಬಂದಾಗ ಜನರು ವಿರೋಧಿಸಿದರು. ಸರಕಾರ ಅದನ್ನು ಹಿಂದೆಗೆದುಕೊಂಡಿತು. 2015ರ ಬಾಲನ್ಯಾಯ ಕಾಯಿದೆಯಂತೂ ಇನ್ನೂ ಕಠಿಣವಾದುದು. ವೈದ್ಯರ ಸೂಚನೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವನಿಗೆ 7 ವರ್ಷಗಳವರೆಗೆ ಸಜೆ, 1 ಲಕ್ಷ ರೂಪಾಯಿಗಳವರೆಗೆ ದಂಡ. ಮಗುವಿನ ಕೈಯಿಂದ ಮದ್ಯವನ್ನು ಮಾರಿಸುವುದು, ಹೊರಿಸುವುದು, ಸಾಗಿಸುವುದು ಸಹ ಅಂಥದೇ ಅಪರಾಧ. ಕಟ್ಟೆಯ ಮೇಲೆ ಕುಳಿತು ಹುಡುಗನನ್ನು ಓಡಿಸುವ ಹಿರಿಯರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ?

ತಿಳಿದರೂ ಪೊಲೀಸರು ಪ್ರತಿ ಕಟ್ಟೆಗೂ ಕಾವಲು ನಿಲ್ಲಲಾರರು. ಆ ಕೆಲಸ ಊರಿನದು. ಐಸ್‌ಲೆಂಡ್ ಎಂಬ ಸಣ್ಣ ದ್ವೀಪದೇಶದಲ್ಲಿ ಹೀಗೆಯೇ ಆಯಿತು. 1998ರಲ್ಲಿ ಅಲ್ಲಿಯ 15-16 ವರ್ಷದ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳೊಳಗೆ ಕುಡಿದು ಅಮಲೇರಿದ್ದವರು. ತಂದೆ ತಾಯಿಗಳು ತಮ್ಮತಮ್ಮಲ್ಲಿ ಕರಾರು ಮಾಡಿಕೊಂಡು ಮಕ್ಕಳಿಗೆ ಮದ್ಯ ಕೊಡಿಸುವುದನ್ನು ನಿಲ್ಲಿಸಿದರು. ಗುಂಪುಗೂಡಿ ಸಂಜೆಯ ಹೊತ್ತು ಬೀದಿ ಸುತ್ತಿ ಮಕ್ಕಳನ್ನು ಮನೆಗೆ ಕಳಿಸಿದರು. ಆಟ, ಸಂಗೀತಗಳಿಗೆ ಊರಾಡಳಿತಗಳು ಹಣ ಒದಗಿಸಿದವು. 2016ರ ಹೊತ್ತಿಗೆ ಆ ಸಂಖ್ಯೆ 5ಕ್ಕೆ ಇಳಿದಿತ್ತು.

ಊರು ಒಟ್ಟಾಗಿ ಹೊಣೆ ಹೊರುವುದನ್ನು ಕಲಿಯಲು ಗದಗ ಜಿಲ್ಲೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದರು. ಒಬ್ಬನ ಸಾಲಕ್ಕೆ ಊರೇ ನಂಬಿಕೆ ಕೊಡಬಹುದಾದರೆ, ಒಬ್ಬನ ಪ್ರತಿಜ್ಞೆಗೂ ಕೊಡಬಹುದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ನಾಡಿನ ಅನೇಕ ಕಡೆ ನಡೆಸುವ ಮದ್ಯವರ್ಜನ ಶಿಬಿರಗಳು ಈ ನಂಬಿಕೆಯ ಮೇಲೆಯೇ ನಿಂತಿವೆ. ಶಿಬಿರ ಕೆಲವೇ ದಿನಗಳದು; ಕಷ್ಟವಿರುವುದು ಮನೆಗೆ ಮರಳಿದ ಮೇಲೆ. ಸಂತೆಯ ದಿನ, ಕೂಲಿ ಕೈಗೆ ಬಂದ ಸಂಜೆ, ಹಳೆಯ ಗೆಳೆಯ ಎದುರಾದ ಗಳಿಗೆ ಪ್ರತಿಜ್ಞೆಯನ್ನು ಅಲುಗಿಸುತ್ತವೆ. ಅದಕ್ಕೆಂದೇ ಕುಡಿತ ಬಿಟ್ಟವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಮತ್ತೆ ಕೂಡುತ್ತಾರೆ, ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಮಹಾಂತ ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ‘ವ್ಯಸನಮುಕ್ತ ದಿನ’ವನ್ನಾಗಿ ಆಚರಿಸುತ್ತದೆ. ಆ ದಿನ ಶಾಲೆಗಳಲ್ಲಿ ಭಾಷಣಗಳಾಗುತ್ತವೆ, ಬೀದಿಗಳಲ್ಲಿ ಜಾಥಾ ನಡೆಯುತ್ತದೆ. ಅದು ಒಳ್ಳೆಯದೇ, ಆದರೆ ಕೂಗಿದ ಘೋಷಣೆ ಮೂಲೆಯ ಕಿರಾಣಿ ಅಂಗಡಿಯವನ ಕಿವಿಗೆ ಬೀಳುವುದು ವರ್ಷಕ್ಕೊಮ್ಮೆ ಮಾತ್ರ. ಇದಕ್ಕಿಂತ ಹೆಚ್ಚಿನ ಬಲವುಳ್ಳ ಇನ್ನೊಂದು ದಾರಿ ಉಂಟು. ನಮ್ಮ ಗ್ರಾಮಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕು. ಪಂಚಾಯತಿಯ ಅಧ್ಯಕ್ಷರೂ ಅಧಿಕಾರಿಗಳೂ ಕುಳಿತಿರುವ ಆ ಸಭೆಯಲ್ಲಿ ಮಕ್ಕಳು ಎದ್ದು ನಿಂತು, ಶಾಲೆಯ ಹತ್ತಿರ ಮದ್ಯ ಎಲ್ಲಿ ಮಾರುತ್ತಾರೆ, ಯಾರು ಚಿಕ್ಕವರ ಕೈಗೆ ಅದನ್ನು ಕೊಡುತ್ತಾರೆ ಎಂಬುದನ್ನು ಹೇಳಬಹುದು. ಸಭೆಯಲ್ಲಿ ಹೇಳಲು ಅಂಜಿಕೆಯಾದವರಿಗೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ.