ಪಾವಗಡದ ಬಿಸಿಲಲ್ಲಿ ಯಾರಿಗೆಷ್ಟು ಪಾಲು?

ಲಿವರ್‌ಮೋರ್ ದಾಟಿ ಟ್ರೇಸಿ ಕಡೆ 580ರಲ್ಲಿ ಹೋದ್ರೆ ಆಲ್ಟಮಾಂಟ್ ಗುಡ್ಡದ ಗಾಳಿಯಂತ್ರಗಳು ಕಾಣುತ್ತವೆ. ಫೋಟೊ ತೆಗೆದು ಮನೆಗೆ ಕಳಿಸಿದ್ದೆ. "ನಮ್ಮ ಚಿತ್ರದುರ್ಗದಲ್ಲೂ ಇದೆಯಲ್ಲೋ" ಅಂತ ಅಪ್ಪ ಉತ್ತರ ಹಾಕಿದ್ರು. ನಿಜವೇ.

ಹಸಿರು ವಿದ್ಯುತ್ ಹೆಚ್ಚಿಸಲು ರಾಜ್ಯ ಸರ್ಕಾರ ಮೊದಲು ಮಾಡುವುದು ಗುರಿ ಹಾಕುವ ಕೆಲಸ. ಕ್ಯಾಲಿಫೋರ್ನಿಯಾ 2002ರಲ್ಲೇ ಇದಕ್ಕೊಂದು ಕಾನೂನು ತಂದಿತು. 2018ರ ಎಸ್‌ಬಿ 100 ಪ್ರಕಾರ 2030ಕ್ಕೆ ಶೇ. 60 ಆಗಬೇಕು. ಕರ್ನಾಟಕದಲ್ಲೂ ಎಸ್ಕಾಂಗಳಿಗೆ ಇಂಥ ಕಡ್ಡಾಯ ಪಾಲನ್ನು ಕೆಇಆರ್‌ಸಿ ನಿಗದಿ ಮಾಡುತ್ತದೆ. ಆದರೆ ಗುರಿ ಕಾಗದದ ಮೇಲಿರುತ್ತೆ, ಪ್ಯಾನೆಲ್‌ಗೆ ನೆಲ ಬೇಕು.

ಇಲ್ಲೇ ಪಾವಗಡ ಓದಬೇಕಾದ ಪಾಠ. ಮಳೆ ಕೈಕೊಡುವ ಈ ತಾಲ್ಲೂಕಿನ ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಸೇರಿಸಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದರು. ಭೂಸ್ವಾಧೀನ ಮಾಡಲಿಲ್ಲ. 2015ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಕೆಎಸ್‌ಪಿಡಿಸಿಎಲ್ ರೈತರಿಂದ ಜಮೀನನ್ನು ಗುತ್ತಿಗೆಗೆ ಪಡೆದು, ವಿದ್ಯುತ್ ಉತ್ಪಾದಕರಿಗೆ ಕೊಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು. ಹತ್ತು ಎಕರೆಯವರಿಗೆ ಮಳೆ ಬರಲಿ ಬಿಡಲಿ 2.1 ಲಕ್ಷ. ಕಡಲೆಕಾಯಿ ಬಿತ್ತಿ ಆಕಾಶ ನೋಡುವುದಕ್ಕಿಂತ ವಾಸಿ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇಷ್ಟನ್ನೂ ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳಿ ಮುಗಿಸಿದೆ. ಸಹಪಾಠಿಯೊಬ್ಬಳು ಕೇಳಿದಳು: "ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರು?" ನನ್ನ ಸ್ಲೈಡುಗಳಲ್ಲಿ ಅವರಿರಲಿಲ್ಲ. ಆಮೇಲೆ ಹುಡುಕಿ ಓದಿದೆ. ಗುತ್ತಿಗೆ ಹಣ ಪಹಣಿ ಇದ್ದವರಿಗೆ ಮಾತ್ರ. ಭೂಮಿಯಿಲ್ಲದವರಿಗೆ ಕೆಲಸವೂ ಹೋಯಿತು, ಬಾಡಿಗೆಯೂ ಇಲ್ಲ. ಹುಲ್ಲು ಕೀಳುವ, ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗಷ್ಟೇ ಸಿಕ್ಕಿತು.

ಇಲ್ಲಿನ ಜಗಳವೂ ಬೇರೇನಲ್ಲ. 2023ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಚಾವಣಿ ಸೋಲಾರ್ ಹಾಕಿಸುವವರು ಗ್ರಿಡ್‌ಗೆ ಕೊಡುವ ಕರೆಂಟಿಗೆ ಸಿಗುವ ದರ ಬಹಳ ಇಳಿಯಿತು. ಚಾವಣಿ ಇಲ್ಲದವರ ಬಿಲ್ಲಿನ ಮೇಲೆ ಹೊರೆ ಬೀಳುತ್ತಿದೆ ಅನ್ನೋದು ಕೊಟ್ಟ ಕಾರಣ; ಸೋಲಾರ್ ಪರ ಇರುವವರು ಒಪ್ಪುವುದಿಲ್ಲ. ನಾಲ್ಕು ಜನ ಸೇರಿ ಅಪಾರ್ಟ್‌ಮೆಂಟ್ ಬಾಡಿಗೆ ಕಟ್ಟುವ ನಾವಂತೂ ಚಾವಣಿ ಇಲ್ಲದವರ ಪಟ್ಟಿಯವರೇ.

ಪಾವಗಡಕ್ಕೆ ನನ್ನದೊಂದು ಲೆಕ್ಕ ಇದೆ. ಪಾರ್ಕ್ ತನ್ನ ಸಾಮರ್ಥ್ಯದ ಶೇ. 20ರಷ್ಟೇ ಉತ್ಪಾದಿಸುತ್ತದೆ ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್. ಯೂನಿಟ್ಟಿಗೆ ಒಂದೇ ಒಂದು ಪೈಸೆ ಕೂಲಿಕಾರರ ಹೆಸರಲ್ಲಿ ಎತ್ತಿಟ್ಟರೆ 3.59 ಕೋಟಿ ರೂಪಾಯಿ. ಮುಂದಿನ ಪಾರ್ಕಿನ ಒಪ್ಪಂದ ಬರೆಯುವಾಗಲೇ ಇದನ್ನು ಸೇರಿಸಬಹುದು. ಪ್ಯಾನೆಲ್ ನಿಂತ ಮೇಲೆ ಕೇಳಿದರೆ ಕೊಡುವವರು ಕಡಿಮೆ.